ಸೀಲಿಗೊಂದು ಟೆಂಡರು

ಇಲಾಖೆಗೆ ಹೊಸ ಸೀಲುಗಳನ್ನು ಮಾಡಿಕೊಡುವ ಟೆಂಡರು ಸಣ್ಣ ಉದ್ದಿಮೆಗಳಿಗೆ ಮಾತ್ರ ಮೀಸಲಾಗಿತ್ತು. ಮನೆಯಲ್ಲೇ ರಬ್ಬರ್ ಸೀಲು ಮಾಡುವ ದಾಕ್ಷಾಯಣಮ್ಮ, ತಮ್ಮದು ಸಣ್ಣ ಉದ್ದಿಮೆ ಎಂಬ ಪ್ರಮಾಣಪತ್ರ ಕೇಳಿಕೊಂಡು ಅದೇ ಇಲಾಖೆಗೆ ಬಂದರು.

ಸಾಹೇಬರು ಸಹಿ ಹಾಕಿ ಕೈಚೆಲ್ಲಿದರು. "ಸೀಲ್ ಹಾಕೋಕಾಗಲ್ಲಮ್ಮ. ಹಳೇದು ಸವೆದುಹೋಗಿದೆ. ಹೊಸದು ಬಂದಮೇಲೆ ಬನ್ನಿ."

"ಹೊಸದು ಯಾವಾಗ ಬರುತ್ತೆ ಸಾರ್?"

"ಟೆಂಡರ್ ಮುಗಿದಮೇಲೆ."

"ಟೆಂಡರ್ ಹಾಕೋಕೇ ಈ ಸರ್ಟಿಫಿಕೇಟ್ ಬೇಕಲ್ಲ ಸಾರ್? ಇವತ್ತೇ ಕಡೇ ದಿನ."

"ಬೇಕೇ ಬೇಕು. ಸೀಲಿಲ್ದೆ ತಂದ್ರೆ ನಾನೇ ರಿಜೆಕ್ಟ್ ಮಾಡ್ತೀನಿ."

ದಾಕ್ಷಾಯಣಮ್ಮ ಟೆಂಡರಿನ ಜೊತೆ ಕೊಡಬೇಕಿದ್ದ ಮಾದರಿ ಸೀಲನ್ನು ಚೀಲದಿಂದ ತೆಗೆದರು. "ಇಲಾಖೆ ಹೆಸರು, ಗಂಡಭೇರುಂಡ, ಎಲ್ಲಾ ನೀವು ಕೇಳಿದ ಹಾಗೇ ಇದೆ. ಇದನ್ನೇ ಒತ್ತಿಬಿಡಿ ಸಾರ್."

ಸಾಹೇಬರು ಖುಷಿಯಿಂದ ಒತ್ತಿದರು. ಪ್ರಮಾಣಪತ್ರ, ಮಾದರಿ ಎರಡನ್ನೂ ಟೆಂಡರಿನ ಜೊತೆ ಅವರ ಕೈಗೇ ಕೊಟ್ಟು ಆಕೆ ನಿರಾಳವಾಗಿ ಮನೆಗೆ ಹೋದರು.

ವಾರದ ನಂತರ ಪತ್ರ ಬಂತು: "ತಾವು ಸಲ್ಲಿಸಿದ ಮಾದರಿ ಸೀಲಿನ ಮೇಲೆ ಶಾಯಿಯ ಕಲೆಗಳಿದ್ದು, ಅದು ಈಗಾಗಲೇ ಬಳಸಿದ ವಸ್ತುವೆಂದು ಕಂಡುಬಂದಿರುವುದರಿಂದ ತಮ್ಮ ಟೆಂಡರನ್ನು ತಿರಸ್ಕರಿಸಲಾಗಿದೆ."

ಪತ್ರದ ಕೊನೆಯಲ್ಲಿ, ಸಾಹೇಬರ ಸಹಿಯ ಪಕ್ಕದಲ್ಲಿ ದಾಕ್ಷಾಯಣಮ್ಮ ಮಾಡಿದ ಸೀಲಿನ ಗಂಡಭೇರುಂಡ ಎರಡೂ ಕೊಕ್ಕು ತೆರೆದು ಕೂತಿತ್ತು.