ಕೀ ಗೊಂಚಲಿನ ಸದ್ದು

"ಒಂದು ದೆವ್ವವಾದ್ರೂ ಬೇಡ್ವಾ? ಇದನ್ನ ಹಾರರ್ ಗೇಮ್ ಅಂತ ಯಾರು ಕೊಳ್ತಾರೆ?" ಬಾಸ್ ರೇಗಿದರು.

"ದೆವ್ವ ಇದೆ ಸರ್. ದಿನಾ ಸಂಜೆ ಆರಕ್ಕೆ ಆಫೀಸಿಂದ ಮನೆಗೆ ಬರುತ್ತೆ," ಎಂದೆ. ಎರಡು ವರ್ಷ ಕೂತು ಮಾಡಿದ ಆಟ. ನನಗೂ ಮೈ ಉರಿಯುತ್ತಿತ್ತು.

ಆಟದಲ್ಲಿ ಗಂಡ ಒಳಗೆ ಬಂದವನೇ ಕೀ ಗೊಂಚಲನ್ನು ಮೇಜಿನ ಮೇಲೆ ಹಾಕುತ್ತಾನೆ. ಹೆಂಡತಿಯಾಗಿ ಆಡುವವರು ಆ ಸದ್ದಿನಲ್ಲೇ ಅವನ ಮೂಡ್ ತಿಳಿಯಬೇಕು. ಟಿವಿ ಆಫ್ ಮಾಡಬೇಕೋ, ನಗಬೇಕೋ, ನೀರು ತಂದುಕೊಟ್ಟು ಸುಮ್ಮನಿರಬೇಕೋ, ಆ ಕ್ಷಣವೇ ಗುಂಡಿ ಒತ್ತಬೇಕು. ತಪ್ಪಿದರೆ ಅವನು ಹೊಡೆಯುವುದಿಲ್ಲ. "ಪರವಾಗಿಲ್ಲ ಬಿಡು" ಎಂದು ನಕ್ಕು, ಮನೆಯ ಒಂದು ಬಾಗಿಲಿಗೆ ಬೀಗ ಹಾಕುತ್ತಾನೆ. ಹೀಗೆ ಏಳು ದಿನ ದಾಟಿದರೆ ಗೆದ್ದಂತೆ.

"ನಮ್ಮ ಹನ್ನೆರಡು ಹುಡುಗರು ಆಡಿದ್ರು. ಒಬ್ಬನೂ ಮೂರನೇ ದಿನ ದಾಟಲಿಲ್ಲ. ಸುಳಿವೇ ಸಿಗಲ್ಲ ಅಂತಾರೆ. ಇಂಥ ಗಂಡಸು ಎಲ್ಲಿರ್ತಾನಮ್ಮ? ನಿನ್ನ ತಲೆಯೊಳಗೆ!"

ಊಟದ ಡಬ್ಬಿ ತಂದಿದ್ದ ಬಾಸ್ ಹೆಂಡತಿ ಬಾಗಿಲಲ್ಲೇ ನಿಂತಿದ್ದರು.

"ಇವಳ ಕೈಗೆ ಕೊಡು. ಜನ್ಮದಲ್ಲಿ ಗೇಮ್ ಮುಟ್ಟಿದವಳಲ್ಲ. ಎಷ್ಟು ಹೊತ್ತು ಆಡ್ತಾಳೆ ನೋಡೇಬಿಡೋಣ," ಎಂದು ಬಾಸ್ ನಕ್ಕರು.

ಯಾವ ಗುಂಡಿ ಯಾತಕ್ಕೆಂದು ಒಂದೇ ಸಲ ಹೇಳಿಕೊಟ್ಟೆ. ಆಕೆ ಸೆರಗು ಸರಿಮಾಡಿಕೊಂಡು ಕೂತರು. ಏಳೂ ದಿನ ಮುಗಿಸಿದರು. ಒಂದು ಬಾಗಿಲಿಗೂ ಬೀಗ ಬೀಳಲಿಲ್ಲ.

ಬಾಸ್ ನಗು ನಿಂತಿತು. ಕೈಯಲ್ಲಿದ್ದ ಕಾರಿನ ಕೀಯನ್ನು ಮೇಜಿನ ಮೇಲೆ ಹಾಕಿದರು.

ಆಟ ಮುಗಿದಿತ್ತು. ಆದರೂ ಆಕೆಯ ಬೆರಳು ಟಿವಿ ಆಫ್ ಮಾಡುವ ಗುಂಡಿಯನ್ನು ಒತ್ತಿತು.