ಗೋಜೋದ ಕಾರ್ಮೆನ್

ಮೂರನೆಯ ಸಲವೂ ಫೆರಿ ಹೊರಡಲಿಲ್ಲ. ಗಾಳಿ ಜೋರಾಗಿದೆ, ಮಧ್ಯಾಹ್ನ ನೋಡೋಣ ಎಂದು ಕೌಂಟರಿನವನು ಕಿಟಕಿ ಮುಚ್ಚಿದ. ಮಹತಿಗೆ ಅಳು ಬರುವಷ್ಟು ಸಿಟ್ಟು ಬಂತು. 2004ರ ಜನವರಿ. ಆಸ್ಟಿನ್‌ನ ಆಫೀಸಿನಲ್ಲಿ ಕಾಡಿ ಬೇಡಿ ಪಡೆದ ಐದು ದಿನದ ರಜೆಯಲ್ಲಿ ಎರಡು ದಿನ ಮಾಲ್ಟಾದ ಈ ಬೆಂಚಿನ ಮೇಲೆಯೇ ಕಳೆದಿತ್ತು. ಗೋಜೋ ದ್ವೀಪ ಎದುರಿಗೇ ಕಾಣುತ್ತಿತ್ತು.

“ಬೇಸಿಗೇಲಿ ಬರೋಣ ಅಂದ್ರೆ ಕೇಳಿದ್ರಾ ಅಪ್ಪ?”

“ಬೇಸಿಗೇಲಿ ಅವಳಿಗೆ ಪುರುಸೊತ್ತಿರಲ್ಲಮ್ಮ,” ಎಂದುಬಿಟ್ಟರು ಗೋವಿಂದರಾಜು. ತಕ್ಷಣ ಮಂಕಿ ಕ್ಯಾಪ್ ಎಳೆದುಕೊಂಡು ಸಮುದ್ರದ ಕಡೆ ತಿರುಗಿದರು.

ಯಾರಿಗೆ ಎಂದು ಮಹತಿ ಕೇಳಲಿಲ್ಲ. ಹೆಸರು ಗೊತ್ತಿತ್ತು. ಅಮ್ಮ ಹೋದ ಮೇಲೆ ಅಪ್ಪ ಮೈಸೂರು ಬಿಟ್ಟು ಅಮೆರಿಕಕ್ಕೆ, ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನ ಮಗಳ ಮನೆಗೆ ಬಂದಿದ್ದರು. ತಿಂಗಳಿಗೊಂದು ಕಾಗದ ಬರುತ್ತಿತ್ತು. ಅವಳ ಕಣ್ಣಿಗೆ ಬೀಳುವ ಮೊದಲೇ ಜೇಬಿಗೆ ಸೇರುತ್ತಿತ್ತು. ಒಮ್ಮೆ ಮಾತ್ರ ಲಕೋಟೆಯ ಬೆನ್ನಿಗಿದ್ದ ಹೆಸರು ಕಂಡಿತ್ತು: ಕಾರ್ಮೆನ್, ಗೋಜೋ.

ಸಂಜೆ ಹೊತ್ತಿಗೆ ಹೇಗೋ ದಾಟಿದರು. ಊರೆಲ್ಲ ಬೀಗ ಹಾಕಿಕೊಂಡಿತ್ತು. ಹೋಟೆಲುಗಳ ಮುಂದೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ್ದರು. ಬಸ್ಸಿಲ್ಲ, ಕಾಫಿಯಿಲ್ಲ. ಏರು ರಸ್ತೆಯ ತುದಿಯಲ್ಲಿ, ಕಾಗದದ ವಿಳಾಸದಲ್ಲಿ, ಒಂದು ಹಳೆಯ ಗೆಸ್ಟ್ ಹೌಸ್. ಗೋವಿಂದರಾಜು ಟೋಪಿ ತೆಗೆದು ತಲೆ ಬಾಚಿಕೊಂಡರು.

ಅದನ್ನು ನೋಡಿ ಮಹತಿಗೆ ತಡೆಯಲಾಗಲಿಲ್ಲ. “ಅಮ್ಮ ಹೋಗಿ ಮೂರು ವರ್ಷ ಆಗಿದೆ ಅಷ್ಟೆ. ನಾಚಿಕೆ ಆಗಲ್ವಾ ಅಪ್ಪ?”

“ಅಮ್ಮ ಹೋಗಿದ್ದು ಇವಳಿಗೆ ಗೊತ್ತೇ ಇಲ್ಲ ಕಣೆ.”

ಮಹತಿ ಅವರ ಮುಖ ನೋಡಿದಳು.

“ನಿಮ್ಮಮ್ಮನ ಪೆನ್ ಫ್ರೆಂಡ್ ಇವಳು. ಕಾಲೇಜು ದಿನಗಳಿಂದ. ಒಬ್ಬರನ್ನೊಬ್ಬರು ನೋಡೇ ಇಲ್ಲ. ಸುಶೀಲ ತೀರಿಕೊಂಡ ವಾರವೇ ಇವಳ ಕಾಗದ ಬಂತು. ಹೋಗಿಬಿಟ್ಟಳು ಅಂತ ಬರೆಯೋಕೆ ಕೂತೆ, ಕೈ ಬರಲಿಲ್ಲ. ಸುಶೀಲನ ಹೆಸರಲ್ಲಿ, ಅವಳ ಅಕ್ಷರದಲ್ಲೇ ಕ್ಷೇಮ ಅಂತ ಬರೆದೆ.” ಗೋವಿಂದರಾಜು ಕೈಯಲ್ಲಿದ್ದ ಟೋಪಿಯನ್ನು ಮಡಿಸಿ ಜೇಬಿಗಿಟ್ಟರು. “ಹಾಗೇ ಬರೀತಾ ಹೋದೆ. ನಿನ್ನ ಅಡುಗೆಮನೇಲಿ ಚಟ್ನಿಪುಡಿ ಮಾಡಿದ್ದು, ಟೆಕ್ಸಸ್ ಬಿಸಿಲಿಗೆ ಬೈದಿದ್ದು. ಉತ್ತರ ಬಂದಾಗಲೆಲ್ಲ ಸುಶೀಲ ಒಳಗಡೆ ಎಲ್ಲೋ ಇದಾಳೆ ಅನ್ನಿಸ್ತಿತ್ತು. ಇನ್ನು ಮೋಸ ಸಾಕು. ಎದುರಿಗೆ ನಿಂತು ಹೇಳಿಬಿಡ್ತೀನಿ.”

ಅಮ್ಮ ಆ ಅಡುಗೆಮನೆಯನ್ನು ಕಂಡವಳೇ ಅಲ್ಲ. ಎರಡು ದಿನದ ಸಿಟ್ಟು ಎಲ್ಲಿ ಹೋಯಿತೋ, ಮಹತಿ ಅಪ್ಪನ ತೋಳು ಹಿಡಿದುಕೊಂಡು ತಾನೇ ಬೆಲ್ ಒತ್ತಿದಳು.

ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಬಾಗಿಲು ತೆರೆದಳು. ಗೋವಿಂದರಾಜು ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳಿದ್ದೇ ತಡ, ಅವಳ ಮುಖ ಬಿಳಿಚಿತು. ಅವರ ಹಿಂದೆ ಇಣುಕಿ, “ಸುಶೀಲಾ ಬಂದಿದ್ದಾರಾ?” ಎಂದಳು.

“ಇಲ್ಲ. ಅವಳು ತೀರಿಕೊಂಡು ಮೂರು ವರ್ಷವಾಯಿತು. ಆಮೇಲಿನ ಕಾಗದಗಳೆಲ್ಲ ನನ್ನವು. ಕಾರ್ಮೆನ್ ಅವರಲ್ಲಿ ಕ್ಷಮೆ ಕೇಳಬೇಕು. ಒಳಗಿದ್ದಾರೆಯೇ?”

ಹೆಂಗಸು ಮೆಟ್ಟಿಲ ಮೇಲೆ ಕುಸಿದು ಕೂತಳು.

“ನನ್ನ ಅಮ್ಮ ಹೋಗಿ ಐದು ವರ್ಷವಾಯಿತು,” ಎಂದಳು. “ಸುಶೀಲಾ ಅವರಿಗೆ ಅದನ್ನು ಬರೆಯಲು ನನಗೂ ಕೈ ಬರಲಿಲ್ಲ.”