ಎರವಲು ತಂದ ನಗು

ಆ ಬೆಳಿಗ್ಗೆ ಸಮುದ್ರದ ಮಂಜು ಇಂಗ್ಲೆಂಡಿನ ಆ ಪುಟ್ಟ ಊರಿನ ಬೀದಿಗೂ ಬಂದು ಕೂತಿತ್ತು. ನಾಟಕಶಾಲೆಯ ಬಣ್ಣದ ಕೋಣೆಯಲ್ಲಿ ಪರ್ಸಿ ಗಡ್ಡ ಅಂಟಿಸಿಕೊಳ್ಳುತ್ತಿದ್ದ. ನಲವತ್ತು ವರ್ಷದಿಂದ ರಂಗದ ಮೇಲೂ ಸಿನಿಮಾದಲ್ಲೂ ಅವನಿಗೆ ಸಿಕ್ಕಿದ್ದು ಅಂಚೆಯವನು, ಬಟ್ಲರ್, ಪಾದ್ರಿ ಇಂಥ ಸಣ್ಣ ಪಾತ್ರಗಳೇ.

ನಟರು ತಮ್ಮ ಅಳು, ನಗುಗಳನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ಎರವಲು ಕೊಡುವುದು ಅಲ್ಲಿಯ ವಾಡಿಕೆ. ಕೊಟ್ಟವರು ಕೇಳಬಾರದು, ಪಡೆದವರೇ ಹಿಂತಿರುಗಿಸಬೇಕು. ಪ್ರಾಯದಲ್ಲಿ ಒಂದು ಪ್ರಹಸನಕ್ಕೆಂದು ಗೆಳೆಯ ಲಿಯೊನೆಲ್‌ನ ನಗು ತಂದಿದ್ದ ಪರ್ಸಿ, ಗೆಳೆಯ ನಗುನಗುತ್ತಲೇ ನಾಯಕನಾಗಿಬಿಡುತ್ತಾನೆಂಬ ಹೊಟ್ಟೆಕಿಚ್ಚಿಗೆ ಅದನ್ನು ಕೊಡಲೇ ಇಲ್ಲ. ನಗು ಹೋದ ಲಿಯೊನೆಲ್ ದುರಂತ ಪಾತ್ರಗಳಲ್ಲಿ ಲೋಕಪ್ರಸಿದ್ಧನಾದ. ಪರ್ಸಿಯ ಕಿಚ್ಚು ಇಮ್ಮಡಿಯಾಯಿತು.

ಬಾಗಿಲು ತಳ್ಳಿಕೊಂಡು ಲಿಯೊನೆಲ್ಲೇ ಬಂದ.

"ಏನಯ್ಯಾ, ಮತ್ತೆ ಅಂಚೆಯವನಾ?"

"ಪಾದ್ರಿ. ನೀನು ರಾಜನಾಗಿ ಸಾಯ್ತೀಯ, ನಾನು ಬಂದು ಹೂಳ್ತೀನಿ."

ಲಿಯೊನೆಲ್‌ನ ಮುಖ ಅಲುಗಲಿಲ್ಲ. "ಮೊಮ್ಮಗಳು ಹುಟ್ಟಿ ಐದು ತಿಂಗಳಾಯ್ತು ಕಣೋ. ನನ್ನ ಕಂಡರೆ ಬೊಚ್ಚುಬಾಯಿ ತುಂಬ ನಗೋಳು. ನಾನು ಕಲ್ಲಿನ ಹಾಗೆ ಕೂತಿರ್ತಿದ್ದೆ. ನಿನ್ನೆಯಿಂದ ಅವಳೂ ನಗ್ತಿಲ್ಲ."

ಲಿಯೊನೆಲ್ ಏನನ್ನೂ ಕೇಳಲಿಲ್ಲ.

ಪರ್ಸಿಗೆ ಮಕ್ಕಳಿರಲಿಲ್ಲ. ಇದೂ ಇವನಿಗೇ ಬಂತಲ್ಲ ದೇವರೇ ಎಂದು ಎದೆ ಉರಿಯಿತು. ಆ ಉರಿಯ ನಡುವೆಯೇ, ಅಜ್ಜನ ಮುಖ ನೋಡಿ ನೋಡಿ ಸೋತ ಕೂಸು ಕಣ್ಣಿಗೆ ಕಟ್ಟಿತು. ಕೂಸಿನ ಪಾಲಿನ ನಗುವನ್ನೂ ಬಚ್ಚಿಟ್ಟವನು ತಾನೇ.

ಅವನು ಎದ್ದು ಬಣ್ಣದ ಪೆಟ್ಟಿಗೆಯ ತಳದಿಂದ ಹಳದಿಗಟ್ಟಿದ ಕರವಸ್ತ್ರದ ಗಂಟೊಂದನ್ನು ತೆಗೆದ. ಲಿಯೊನೆಲ್‌ನ ಅಂಗೈ ಬಿಡಿಸಿ, ಗಂಟನ್ನು ಅದರಲ್ಲಿಟ್ಟ.